ಹೆರಿಗೆಯ ಹೆಸರಿಟ್ಟುಕೊಂಡ ವಿಟಮಿನ್

ನಮ್ಮ ಮನೆ ಫ್ರಿಜ್ಜಿನ ಬಾಗಿಲಲ್ಲಿ ಹಸಿರು ಕ್ಯಾಪ್ಸೂಲುಗಳ ಒಂದು ಸ್ಟ್ರಿಪ್ ತುಂಬಾ ದಿನದಿಂದ ಬಿದ್ದಿತ್ತು. ವಿಟಮಿನ್ ಇ, 400 ಮಿಲಿಗ್ರಾಂ. ನೀವೂ ನೋಡಿರ್ತೀರಿ. ಬೆಂಗಳೂರಿನ ಪಿಜಿಗಳಲ್ಲಿ ಹುಡುಗಿಯರು ಅದನ್ನ ಸೂಜಿಯಿಂದ ಚುಚ್ಚಿ, ಒಳಗಿನ ಎಣ್ಣೆಯನ್ನ ಮುಖಕ್ಕೆ ಹಚ್ಚಿಕೊಳ್ತಾರೆ. ಕೂದಲು ಉದುರುತ್ತೆ ಅಂತ ಹುಡುಗರು ಕೊಬ್ಬರಿ ಎಣ್ಣೆಗೆ ಬೆರೆಸಿಕೊಳ್ತಾರೆ. ನಾನೂ ಬೆರೆಸಿದ್ದೆ, ಅದರಿಂದ ಏನಾಯ್ತು ಅನ್ನೋದು ನನ್ನ ಪ್ರೊಫೈಲ್ ಫೋಟೊ ನೋಡಿದವರಿಗೆ ಗೊತ್ತಿದೆ. ಆದರೆ ಈ ಸ್ಟ್ರಿಪ್ ನಮ್ಮ ಮನೆಗೆ ಬಂದಿದ್ದು ಮುಖಕ್ಕೂ ಅಲ್ಲ, ಕೂದಲಿಗೂ ಅಲ್ಲ.

ನನ್ನ ಹೆಂಡತಿ ಮೊದಲ ಸಲ ಬಸುರಿಯಾದಾಗ ಒಂಬತ್ತನೇ ವಾರದ ಸ್ಕ್ಯಾನಿಂಗಿನಲ್ಲಿ ಮಗುವಿನ ಹಾರ್ಟ್‌ಬೀಟ್ ಕಾಣಲಿಲ್ಲ. ಅಷ್ಟೇ. ಅದಕ್ಕಿಂತ ಹೆಚ್ಚು ಹೇಳೋದಕ್ಕೆ ಏನೂ ಇಲ್ಲ. ಮಾರನೇ ದಿನದಿಂದ ಊರಿನ ಫೋನುಗಳು ಶುರುವಾದವು. "ಪಪ್ಪಾಯಿ ತಿಂದಿದ್ದೇನವ್ವಾ?" "ಸ್ಕೂಟಿ ಮ್ಯಾಲೆ ಹೋಗೂದು ಬ್ಯಾಡ ಅಂತ ಹೇಳಿದ್ನೆಲ್ಲ?" "ರಾತ್ರಿಯೆಲ್ಲಾ ಲ್ಯಾಪ್‌ಟಾಪ್ ತೊಡಿ ಮ್ಯಾಲಿಟ್ಕೊಂಡ್ರ ಮತ್ತೇನಾಗ್ತದ?" ಹೇಳಿದವರೆಲ್ಲ ನಮ್ಮವರೇ, ನೋವಿನಿಂದಲೇ ಹೇಳಿದ್ದು. ಆದರೆ ಎಲ್ಲಾ ಪ್ರಶ್ನೆಗಳೂ ಅವಳಿಗೇ. ನನಗೆ ಯಾರೂ ಒಂದು ಮಾತೂ ಕೇಳಲಿಲ್ಲ.

ಆಮೇಲೆ ನೋಡೋದಕ್ಕೆ ಬಂದ ನಮ್ಮ ದೊಡ್ಡವ್ವ ಚೀಲದಿಂದ ಈ ಸ್ಟ್ರಿಪ್ ತೆಗೆದು ಕೊಟ್ಟರು. "ದಿನಾ ಒಂದು ತಗೊಳವ್ವಾ. ಗರ್ಭ ಗಟ್ಟಿ ನಿಲ್ತದ." ಅವರು ಹೋದ ಮೇಲೆ ಹೆಂಡತಿ ಅದನ್ನ ತಿರುಗಿಸಿ ಮುರುಗಿಸಿ ನೋಡಿ ಕೇಳಿದಳು: "ರೀ, ನನ್ನ ಮೈಯಲ್ಲಿ ಇದು ಕಡಿಮೆ ಇತ್ತಾ? ಅದಕ್ಕೇ ಹೀಗಾಯ್ತಾ?"

ನಾನು ಓದಿದ್ದು ಬಿಇ, ಬರೆಯೋದು ಕೋಡ್. ಉತ್ತರ ಗೊತ್ತಿರಲಿಲ್ಲ. ಆದರೆ ದೊಡ್ಡವ್ವನ ಮಾತಿಗೆ ಬೇರು ಎಲ್ಲಿಂದ ಬಂತು ಅಂತ ಹುಡುಕ್ತಾ ಹೋದೆ. ಹೋದ ದಾರಿ ಸೀದಾ 1922ಕ್ಕೆ, ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ, ಅಲ್ಲಿನ ಒಂದು ಇಲಿಯ ಗೂಡಿಗೆ ಮುಟ್ಟಿತು.

ಅದು ವಿಟಮಿನ್‌ಗಳ ಸುಗ್ಗಿ ಕಾಲ. ಎ, ಬಿ, ಸಿ ಅಂತ ಹೆಸರು ಬಿದ್ದಾಗಿತ್ತು, ಡಿ ಆಗಷ್ಟೇ ಸೇರಿಕೊಳ್ತಾ ಇತ್ತು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಹರ್ಬರ್ಟ್ ಎವಾನ್ಸ್ ಅಂತ ಅನಾಟಮಿ ಪ್ರೊಫೆಸರ್, ಕ್ಯಾಥರಿನ್ ಸ್ಕಾಟ್ ಬಿಷಪ್ ಅಂತ ವೈದ್ಯೆ, ಇಬ್ಬರೂ ಸೇರಿ ಇಲಿಗಳಿಗೆ ಅಳತೆಯ ಊಟ ಹಾಕ್ತಾ ಇದ್ದರು. ಹಾಲಿನ ಪ್ರೋಟೀನು, ಮೆಕ್ಕೆಜೋಳದ ಪಿಷ್ಟ, ಹಂದಿಯ ಕೊಬ್ಬು, ಬೆಣ್ಣೆಯ ಕೊಬ್ಬು, ಲವಣಗಳು, ಯೀಸ್ಟು. ಆ ಕಾಲದ ಪುಸ್ತಕದ ಪ್ರಕಾರ ದೇಹಕ್ಕೆ ಬೇಕಾದ್ದೆಲ್ಲಾ ಅದರಲ್ಲಿ ಇತ್ತು. ಇಲಿಗಳೂ ಚೆನ್ನಾಗೇ ಬೆಳೆದವು, ರೋಗವಿಲ್ಲ ರುಜಿನವಿಲ್ಲ. ಒಂದೇ ತೊಂದರೆ, ಮರಿ ಹಾಕ್ತಾ ಇರಲಿಲ್ಲ.

ಎವಾನ್ಸ್ ಹತ್ತಿರ ಆಗ ಬೇರೆಯವರ ಹತ್ತಿರ ಇಲ್ಲದ ಒಂದು ಅನುಕೂಲ ಇತ್ತು. ಅದೇ ವರ್ಷ ಅವರು ಜೋಸೆಫ್ ಲಾಂಗ್ ಎಂಬ ಸಹೋದ್ಯೋಗಿ ಜೊತೆ ಹೆಣ್ಣಿಲಿಯ ಋತುಚಕ್ರದ ಬಗ್ಗೆ ದೊಡ್ಡ ಗ್ರಂಥ ಪ್ರಕಟಿಸಿದ್ದರು. ನಾಲ್ಕೈದು ದಿನಕ್ಕೊಮ್ಮೆ ತಿರುಗೋ ಆ ಚಕ್ರದ ಪ್ರತಿ ಹಂತವನ್ನೂ ಮೈಕ್ರೋಸ್ಕೋಪಿನಲ್ಲಿ ಗುರುತಿಸೋದು ಅವರಿಗೆ ಗೊತ್ತಿತ್ತು. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಪ್ರತಿ ಸ್ಟೆಪ್ಪಿಗೂ ಲಾಗ್ ಇತ್ತು. "ಇಲಿ ಬಂಜೆ" ಅಂತ ಒಂದೇ ಮಾತಲ್ಲಿ ಫೈಲ್ ಮುಚ್ಚದೆ, ಎಲ್ಲಿ ಕೆಟ್ಟಿತು ಅಂತ ನೋಡಿದರು. ಅಂಡ ಬಿಡುಗಡೆ ಸರಿ ಇದೆ. ಕೂಡಿಕೆ ಸರಿ ಇದೆ. ಗರ್ಭಕೋಶಕ್ಕೆ ಭ್ರೂಣ ಅಂಟಿಕೊಳ್ಳೋದೂ ಸರಿ ಇದೆ. ಇಲಿಯ ಗರ್ಭ ಸುಮಾರು ಮೂರು ವಾರದ್ದು. ಅದರ ನಡುದಾರಿಯಲ್ಲಿ ಭ್ರೂಣ ಸಾಯ್ತಾ ಇತ್ತು, ಸತ್ತ ಭ್ರೂಣವನ್ನ ತಾಯಿಯ ದೇಹ ಹಾಗೇ ಹೀರಿಕೊಳ್ತಾ ಇತ್ತು. ಹೊರಗಿಂದ ನೋಡಿದವರಿಗೆ ಏನೂ ಆಗಿಲ್ಲ ಅನ್ನೋ ಹಾಗೆ.

ಊಟಕ್ಕೆ ಹಸಿ ಲೆಟ್ಯೂಸ್ ಎಲೆ ಸೇರಿಸಿದರು. ಮರಿಗಳು ಹುಟ್ಟಿದವು! ಎಲೆ ಅಂದ ಮೇಲೆ ವಿಟಮಿನ್ ಸಿ ಇರಬೇಕು ಅಂತ ಮೊದಲ ಅನುಮಾನ. ಆದರೆ ಒಣಗಿಸಿದ ಲೂಸರ್ನ್ ಮೇವು ಹಾಕಿದರೂ ಅದೇ ಫಲ ಬಂತು, ಗೋಧಿಯಿಂದಲೂ ಬಂತು. ಒಣಗಿದ ಮೇವಿನಲ್ಲಿ, ಗೋಧಿಯಲ್ಲಿ ಸಿ ಎಲ್ಲಿಂದ ಬರಬೇಕು? ಹಾಗಾದರೆ ಇದು ಬೇರೆಯೇ ಏನೋ. 1922ರ ಡಿಸೆಂಬರ್ 8ರ 'ಸೈನ್ಸ್' ಪತ್ರಿಕೆಯಲ್ಲಿ ಇಬ್ಬರ ಲೇಖನ ಬಂತು: ಸಂತಾನಕ್ಕೆ ಬೇಕೇ ಬೇಕಾದ, ಈವರೆಗೆ ಯಾರೂ ಗುರುತಿಸದ ಒಂದು ಅಂಶ ಆಹಾರದಲ್ಲಿದೆ ಅಂತ. ಹೆಸರು ಗೊತ್ತಿಲ್ಲದ್ದಕ್ಕೆ ಎಲ್ಲರೂ ಇಡೋ ಹೆಸರನ್ನೇ ಅವರೂ ಇಟ್ಟರು, 'ಎಕ್ಸ್'.

ಗೋಧಿಯಲ್ಲಿ ಅದು ಎಲ್ಲಿದೆ ಅಂತ ನೋಡೋಕೆ ಎವಾನ್ಸ್ ವ್ಯಾಲೆಹೊ ಅನ್ನೋ ಊರಿನ ಹಿಟ್ಟಿನ ಗಿರಣಿಗೆ ಓಡಿದರಂತೆ. ಗಿರಣಿ ಮುಂದೆ ಕ್ಯೂ ನಿಂತು ಬೆಳೆದ ನನಗೆ ಈ ಕಥೆಯಲ್ಲಿ ಅತಿ ಇಷ್ಟವಾದ ಜಾಗ ಇದು. ಅಲ್ಲಿ ಗೋಧಿ ಮೂರಾಗಿ ಬೇರ್ಪಟ್ಟು ಹರೀತಾ ಇತ್ತು: ಒಂದು ಕಡೆ ತೌಡು, ಒಂದು ಕಡೆ ಬಿಳಿ ಹಿಟ್ಟು, ಇನ್ನೊಂದು ಕಡೆ ಎಣ್ಣೆ ಜಿಡ್ಡಿಗೆ ಚಪ್ಪಟೆಯಾಗಿ ಅಂಟಿಕೊಂಡ ಮೊಳಕೆಯ ಕಣ್ಣು, ಅಂದರೆ ಕಾಳಿನ ತುದಿಯಲ್ಲಿ ಮುಂದೆ ಗಿಡವಾಗೋ ಆ ಚೂರು. ಮೂರನ್ನೂ ತಂದು ಬೇರೆ ಬೇರೆ ಇಲಿಗಳಿಗೆ ತಿನ್ನಿಸಿದರು. ಬಿಳಿ ಹಿಟ್ಟಿನಲ್ಲಿ ಸತ್ವ ಇರಲಿಲ್ಲ, ಮೊಳಕೆಯ ಕಣ್ಣಿನಲ್ಲಿ ಇತ್ತು. ಅದರಿಂದ ತೆಗೆದ ಹೊನ್ನಿನ ಬಣ್ಣದ ಎಣ್ಣೆ ದಿನಕ್ಕೊಂದು ಹನಿ ಕೊಟ್ಟರೂ ಸಾಕು, ಇಲಿ ಹೆರ್ತಾ ಇತ್ತು. ಮುಂದಿನ ಗಿಡಕ್ಕೆ ಅಂತ ಕಾಳು ಜೋಪಾನ ಮಾಡಿಟ್ಟಿದ್ದೇ ಮುಂದಿನ ಮರಿಗೂ ಬೇಕಾಗಿತ್ತು.

1924ರಲ್ಲಿ ಬಾರ್ನೆಟ್ ಶೂರ್ ಎಂಬ ವಿಜ್ಞಾನಿ ಇದಕ್ಕೆ ವಿಟಮಿನ್ ಇ ಅಂತ ಅಕ್ಷರ ಕೊಟ್ಟರು. ಡಿ ಆದ ಮೇಲೆ ಇ, ಅಷ್ಟೇ ಲೆಕ್ಕ. 1936ರಲ್ಲಿ ಎವಾನ್ಸ್, ಆಲಿವರ್ ಎಮರ್ಸನ್ ಮತ್ತು ಗ್ಲಾಡಿಸ್ ಎಮರ್ಸನ್ ಗೋಧಿ ಮೊಳಕೆಯ ಎಣ್ಣೆಯಿಂದ ಅದನ್ನ ಶುದ್ಧವಾಗಿ ಬೇರ್ಪಡಿಸಿದರು. ಅಕ್ಷರ ಸಾಲದು, ಒಂದು ಹೆಸರು ಬೇಕಲ್ಲ? ಎವಾನ್ಸ್ ತಮ್ಮ ವಿಶ್ವವಿದ್ಯಾಲಯದ ಗ್ರೀಕ್ ಪ್ರೊಫೆಸರ್ ಜಾರ್ಜ್ ಕ್ಯಾಲ್ಹೂನ್ ಅವರನ್ನ ಕೇಳಿದರು. ಗ್ರೀಕಿನಲ್ಲಿ 'ಟೋಕೋಸ್' ಅಂದರೆ ಹೆರಿಗೆ, 'ಫೆರೈನ್' ಅಂದರೆ ಹೊರು. ಕೊನೆಗೆ ಆಲ್ಕೊಹಾಲ್ ಜಾತಿಯ ರಾಸಾಯನಿಕ ಅಂತ ಹೇಳೋಕೆ ಒಂದು 'ಆಲ್'. ಟೊಕೊಫೆರಾಲ್. ನಿಮ್ಮ ಬಾತ್ರೂಮಿನಲ್ಲಿರೋ ಕ್ರೀಮಿನ ಡಬ್ಬಿ ಹಿಂದೆ ಸಣ್ಣಕ್ಷರದಲ್ಲಿ ಈ ಪದ ಇರುತ್ತೆ ನೋಡಿ. ಮಗು ಹೊರಿಸುವಂಥದ್ದು ಅಂತ ಅದರ ಅರ್ಥ. 1938ರಲ್ಲಿ ಸ್ವಿಟ್ಜರ್ಲೆಂಡಿನ ಪೌಲ್ ಕರೆರ್ ಅದನ್ನ ಪ್ರಯೋಗಾಲಯದಲ್ಲೇ ತಯಾರಿಸಿದರು. ಇನ್ನು ಗಿರಣಿಯ ಹಂಗೂ ಬೇಕಿರಲಿಲ್ಲ.

ಇಲ್ಲಿಗೆ ಇಲಿಯ ಕಥೆ ಮುಗೀತು. ಮನುಷ್ಯರ ಕಥೆ ಶುರು, ಎಡವಟ್ಟೂ ಶುರು.

ವಿಟಮಿನ್ ಶುದ್ಧವಾಗಿ ಸಿಗೋ ಮೊದಲೇ, 1931ರಲ್ಲಿ, ಡೆನ್ಮಾರ್ಕಿನ ವೈದ್ಯ ವೋಗ್ಟ್-ಮೊಲ್ಲರ್ ಪದೇ ಪದೇ ಗರ್ಭ ಕಳೆದುಕೊಳ್ತಿದ್ದ ಹೆಂಗಸರಿಗೆ ಗೋಧಿ ಮೊಳಕೆ ಎಣ್ಣೆ ಕೊಟ್ಟು, ಮಕ್ಕಳಾದವು ಅಂತ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು. ಕೆನಡಾದ ಪ್ರಸೂತಿ ತಜ್ಞ ಇವಾನ್ ಶೂಟ್ ಅದೇ ಎಣ್ಣೆಯನ್ನ ಮೂವತ್ತರ ದಶಕದಲ್ಲಿ ತಮ್ಮ ರೋಗಿಗಳಿಗೆ ಕೊಡೋಕೆ ಶುರು ಮಾಡಿದರು, ಮುಂದೆ ಹೃದ್ರೋಗಕ್ಕೂ ಇದೇ ಮದ್ದು ಅಂತ ಜೀವನವಿಡೀ ವಾದಿಸಿದರು. ಇವರ್ಯಾರೂ ಮೋಸಗಾರರಲ್ಲ. ಎದುರಿಗೆ ಅಳ್ತಾ ಕೂತ ಹೆಣ್ಣುಮಗಳಿಗೆ ಏನಾದರೂ ಕೊಡಬೇಕು ಅನ್ನೋ ಸಂಕಟ ಇದ್ದವರು. ಎಣ್ಣೆ ಕೊಟ್ಟರು, ಮಗು ಹುಟ್ಟಿತು. ಹುಟ್ಟಿದ್ದು ಎಣ್ಣೆಯಿಂದಲೇ ಅಂತ ಹೇಗೆ ಗೊತ್ತು?

ಇದನ್ನ ಸ್ವಲ್ಪ ನಿಂತು ಯೋಚಿಸಬೇಕು. ಕಾರಣ ಗೊತ್ತಾಗದೆ ಎರಡು ಮೂರು ಸಲ ಗರ್ಭ ಕಳೆದುಕೊಂಡವರಲ್ಲೂ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಮುಂದಿನ ಸಲ, ಯಾವ ಔಷಧಿಯೂ ಇಲ್ಲದೆ, ಮಗು ಆಗುತ್ತೆ. ಹಾಗಾಗಿ ಅವರಿಗೆ ಗೋಧಿ ಎಣ್ಣೆ ಕೊಟ್ಟರೂ, ತಾಯಿತ ಕಟ್ಟಿದರೂ, ಯಾವುದೋ ದೇವರಿಗೆ ಹರಕೆ ಹೊತ್ತರೂ, ಹೆಚ್ಚಿನವರ ವಿಷಯದಲ್ಲಿ ಅದು 'ಕೆಲಸ ಮಾಡಿದ' ಹಾಗೇ ಕಾಣುತ್ತೆ. ಗೊತ್ತಾಗಬೇಕಾದರೆ ಅದೇ ಸ್ಥಿತಿಯ ಇನ್ನೊಂದಿಷ್ಟು ಜನಕ್ಕೆ ಎಣ್ಣೆ ಕೊಡದೆ ಹೋಲಿಸಿ ನೋಡಬೇಕು. ಇಲಿಯ ವಿಷಯದಲ್ಲಿ ಅಷ್ಟು ಹುಷಾರಾಗಿ ಮಾಡಿದ ಹೋಲಿಕೆಯನ್ನ ಮನುಷ್ಯರ ವಿಷಯದಲ್ಲಿ ಬಹಳ ವರ್ಷ ಸರಿಯಾಗಿ ಮಾಡಲಿಲ್ಲ.

ಇನ್ನೊಂದು ಸಂಗತಿ ನನ್ನನ್ನ ಇವತ್ತಿಗೂ ಕಾಡುತ್ತೆ. ಗಂಡಿಲಿಗಳಿಗೂ ವಿಟಮಿನ್ ಇ ಇಲ್ಲದ ಊಟ ಹಾಕಿ ಇಪ್ಪತ್ತರ ದಶಕದಲ್ಲೇ ನೋಡಿದ್ದರು. ಕಾರ್ಲ್ ಮೇಸನ್ ಎಂಬ ವಿಜ್ಞಾನಿಯ ಕೆಲಸ ಇದರಲ್ಲಿ ದೊಡ್ಡದು. ಗಂಡಿಲಿಯ ವೃಷಣ ಕ್ಷೀಣಿಸಿ ಅದು ಸಂತಾನಶಕ್ತಿ ಕಳೆದುಕೊಳ್ತಾ ಇತ್ತು. ಹೆಣ್ಣಿಲಿಗೆ ವಿಟಮಿನ್ ಕೊಟ್ಟರೆ ಮುಂದಿನ ಬಸಿರು ಸರಿ ಹೋಗ್ತಾ ಇತ್ತು, ಗಂಡಿಲಿಗೆ ಒಮ್ಮೆ ಹಾಳಾದ ಮೇಲೆ ಎಷ್ಟು ಕೊಟ್ಟರೂ ಸರಿಯಾಗ್ತಾ ಇರಲಿಲ್ಲ. ಅಂದರೆ ಇಲಿಯ ಸಾಕ್ಷಿಯನ್ನೇ ನಂಬೋದಾದರೂ ಶಾಶ್ವತ ಪೆಟ್ಟು ಬಿದ್ದಿದ್ದು ಗಂಡಿಗೆ. ಆದರೆ ಹೆಸರು ಬಿದ್ದಿದ್ದು ಹೆರಿಗೆಯದ್ದು, ಮಾತ್ರೆ ಬಂದಿದ್ದು ಹೆಂಡತಿಯ ಕೈಗೆ, ಪಪ್ಪಾಯಿ ಪ್ರಶ್ನೆಯೂ ಅವಳಿಗೇ. ಕಂಡುಹಿಡಿದ ಹೆಣ್ಣಿನ ಗತಿಯೂ ಅಷ್ಟೇ. ಕ್ಯಾಥರಿನ್ ಬಿಷಪ್ ಅದಾದ ಸ್ವಲ್ಪ ದಿನಕ್ಕೇ ಆ ಪ್ರಯೋಗಾಲಯ ಬಿಟ್ಟರು, ಇಬ್ಬರು ಹೆಣ್ಣುಮಕ್ಕಳನ್ನ ಬೆಳೆಸಿದರು, ಮುಂದೆ ಅರಿವಳಿಕೆ ತಜ್ಞೆಯಾಗಿ ದುಡಿದರು. ವಿಟಮಿನ್ ಇ ಕಂಡುಹಿಡಿದವರು ಯಾರು ಅಂದರೆ ಎಷ್ಟೋ ಕಡೆ ಎವಾನ್ಸ್ ಹೆಸರು ಮಾತ್ರ ಇರುತ್ತೆ.

"ವಿಟಮಿನ್ ತಾನೇ, ತಗೊಂಡ್ರೆ ನಷ್ಟ ಏನು?" ಅಂತ ನಾವೆಲ್ಲ ಕೇಳ್ತೀವಿ. ಇದಕ್ಕೂ ಇತಿಹಾಸದಲ್ಲಿ ಉತ್ತರ ಇದೆ. ತಾಯಿಯಿಂದ ಮಗುವಿಗೆ ವಿಟಮಿನ್ ಇ ಹೆಚ್ಚಾಗಿ ಸೇರೋದು ಗರ್ಭದ ಕೊನೆ ತಿಂಗಳುಗಳಲ್ಲಿ. ದಿನ ತುಂಬದೆ ಹುಟ್ಟಿದ ಮಕ್ಕಳಲ್ಲಿ ಅದು ಕಡಿಮೆ ಇರುತ್ತೆ, ಕೆಂಪು ರಕ್ತಕಣಗಳು ಒಡೆದು ರಕ್ತಹೀನತೆ ಬರಬಹುದು ಅಂತ 1967ರಲ್ಲಿ ಓಸ್ಕಿ ಮತ್ತು ಬಾರ್ನೆಸ್ ತೋರಿಸಿದ್ದರು. ಇದು ನಿಜವಾದ ಕೊರತೆ. ಆದರೆ ಇದರ ಬೆನ್ನಿಗೆ, 1983ರ ಕೊನೆಯಲ್ಲಿ ಅಮೆರಿಕದಲ್ಲಿ ಇ-ಫೆರಾಲ್ ಅನ್ನೋ ವಿಟಮಿನ್ ಇ ಇಂಜೆಕ್ಷನ್ ಸರಕಾರದ ಅನುಮತಿಯ ಪರೀಕ್ಷೆಗೆ ಒಳಗಾಗದೆ ಮಾರುಕಟ್ಟೆಗೆ ಬಂತು. ರಕ್ತನಾಳಕ್ಕೇ ಕೊಡೋ ಮದ್ದು ಅದು. 1984ರ ಏಪ್ರಿಲಿನಲ್ಲಿ ಅದನ್ನ ವಾಪಸ್ ತರಿಸೋ ಹೊತ್ತಿಗೆ 38 ಶಿಶುಗಳು ತೀರಿಕೊಂಡಿದ್ದವು. ಎಣ್ಣೆಯನ್ನ ನೀರಲ್ಲಿ ಕರಗಿಸೋಕೆ ಬೆರೆಸಿದ್ದ ರಾಸಾಯನಿಕದ ಮೇಲೆ ಮುಖ್ಯ ಅನುಮಾನ ಬಿತ್ತು. ಮಾಡಿದವರು, ಮಾರಿದವರು ಕೋರ್ಟಿನಲ್ಲಿ ತಪ್ಪಿತಸ್ಥರಾದರು. ವಿಟಮಿನ್ ಅನ್ನೋ ಪದವೇ ಎಲ್ಲರ ಎಚ್ಚರ ತಪ್ಪಿಸಿತ್ತು.

ಕೊನೆಗೂ ಸರಿಯಾದ ಹೋಲಿಕೆಯ ಕಾಲ ಬಂತು. ಬಸುರಿಯರಿಗೆ ಬಿಪಿ ಏರಿ ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ ತರೋ ಕಾಯಿಲೆ ಇದೆಯಲ್ಲ, ಪ್ರಿಎಕ್ಲಾಂಪ್ಸಿಯಾ, ಅದರಲ್ಲಿ ಕೊಬ್ಬು ಕೆಡಿಸೋ ಆಕ್ಸಿಡೇಷನ್ನಿನ ಪಾತ್ರ ಇದೆ ಅಂತ ತೊಂಬತ್ತರ ದಶಕದಲ್ಲಿ ವಾದ ಎದ್ದಿತು. ವಿಟಮಿನ್ ಇ ಕೆಲಸವೇ ಅದನ್ನ ತಡೆಯೋದು. 1999ರಲ್ಲಿ ಲಂಡನ್ನಿನ ಒಂದು ತಂಡ 283 ಮಹಿಳೆಯರಲ್ಲಿ ಪರೀಕ್ಷಿಸಿತು. ಸಿ ಮತ್ತು ಇ ತಗೊಂಡವರಲ್ಲಿ ಕಾಯಿಲೆ ಅರ್ಧಕ್ಕೆ ಇಳಿದಿತ್ತು! ಜಗತ್ತಿನ ಕಿವಿ ನೆಟ್ಟಗಾಯ್ತು. ಆ ತಂಡದವರ ದೊಡ್ಡಸ್ತಿಕೆ ನೋಡಿ, ಅಲ್ಲಿಗೇ ನಿಲ್ಲಿಸಿ ಸನ್ಮಾನ ಮಾಡಿಸಿಕೊಳ್ಳಲಿಲ್ಲ. ಇನ್ನೂ ದೊಡ್ಡದಾಗಿ, 2410 ಮಹಿಳೆಯರ ಮೇಲೆ, ಅದೇ ಪರೀಕ್ಷೆ ಮಾಡಿದರು. 2006ರಲ್ಲಿ ಫಲಿತಾಂಶ ಬಂತು. ಮಾತ್ರೆ ತಗೊಂಡವರಲ್ಲಿ 15 ಶೇಕಡಾ, ತಗೊಳ್ಳದವರಲ್ಲಿ 16 ಶೇಕಡಾ ಜನಕ್ಕೆ ಕಾಯಿಲೆ. ಏನೂ ವ್ಯತ್ಯಾಸ ಇಲ್ಲ. ಮೇಲಾಗಿ ಮಾತ್ರೆ ತಗೊಂಡವರ ಮಕ್ಕಳಲ್ಲೇ ತೂಕ ಕಡಿಮೆ ಇದ್ದವರು ಹೆಚ್ಚು, 24ಕ್ಕೆ ಬದಲು 28 ಶೇಕಡಾ. ಅದೇ ವರ್ಷ ಆಸ್ಟ್ರೇಲಿಯಾದಲ್ಲಿ ಚೊಚ್ಚಲ ಬಸುರಿಯರ ಮೇಲೆ ನಡೆದ ಪರೀಕ್ಷೆಯಲ್ಲೂ ಕಾಯಿಲೆ ತಪ್ಪಲಿಲ್ಲ. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಸುರಿಯರ ಆರೈಕೆಯ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಬರೀತು: ಗರ್ಭಿಣಿಯರಿಗೆ ವಿಟಮಿನ್ ಇ ಮತ್ತು ಸಿ ಮಾತ್ರೆಗಳನ್ನ ಶಿಫಾರಸು ಮಾಡೋದಿಲ್ಲ.

ಇದೇ ಥರದ ಪರೀಕ್ಷೆಯಲ್ಲಿ ಪಾಸಾದ ವಿಟಮಿನ್ನೂ ಇದೆ, ಅದನ್ನೂ ಹೇಳಬೇಕು. ಫೋಲಿಕ್ ಆಸಿಡ್. ಮಗುವಿನ ಬೆನ್ನುಹುರಿ, ಮೆದುಳು ಸರಿಯಾಗಿ ಕೂಡಿಕೊಳ್ಳದ ತೊಂದರೆ ಒಮ್ಮೆ ಆದ ತಾಯಂದಿರಿಗೆ ಇದನ್ನ ಕೊಟ್ಟಾಗ, ಅದು ಮತ್ತೆ ಆಗೋ ಸಂಭವ 72 ಶೇಕಡಾ ಇಳೀತು ಅಂತ 1991ರ ಬ್ರಿಟನ್ ನೇತೃತ್ವದ ಪರೀಕ್ಷೆ ತೋರಿಸಿತು. ಡಾಕ್ಟರು ಫೋಲಿಕ್ ಆಸಿಡ್, ಐರನ್ ಬರೆದುಕೊಟ್ಟರೆ ಅದರ ಹಿಂದೆ ಇಂಥ ಪರೀಕ್ಷೆಗಳ ಬಲ ಇದೆ. ಈ ಲೇಖನ ಓದಿ ದಯವಿಟ್ಟು ಅದನ್ನ ನಿಲ್ಲಿಸಬೇಡಿ.

ಹಾಗಾದರೆ ಎವಾನ್ಸ್, ಬಿಷಪ್ ಕಂಡಿದ್ದು ಸುಳ್ಳಾ? ಖಂಡಿತ ಅಲ್ಲ. ಲಿವರಿನಿಂದ ವಿಟಮಿನ್ ಇ ಹೊತ್ತು ರಕ್ತಕ್ಕೆ ಸೇರಿಸೋ ಒಂದು ಪ್ರೋಟೀನ್ ಇದೆ. ಅದು ಪ್ಲಾಸೆಂಟಾದಲ್ಲೂ, ನಮ್ಮ ಕಡೆ ಮಾಸು ಅಂತಾರಲ್ಲ ಅದರಲ್ಲೂ, ಸಿಕ್ಕಿದೆ. ಆ ಪ್ರೋಟೀನಿನ ಜೀನ್ ತೆಗೆದು ಹಾಕಿದ ಹೆಣ್ಣಿಲಿಗಳಲ್ಲಿ ಪ್ಲಾಸೆಂಟಾ ಸರಿಯಾಗಿ ಬೆಳೆಯದೆ ಭ್ರೂಣ ಸಾಯುತ್ತೆ. ಜೀಬ್ರಾಫಿಶ್ ಅನ್ನೋ ಪುಟ್ಟ ಮೀನಿನ ಭ್ರೂಣಕ್ಕೆ ವಿಟಮಿನ್ ಇ ಇಲ್ಲದಿದ್ದರೆ ಮೆದುಳು, ನರಮಂಡಲ ಸೊಟ್ಟಗಾಗುತ್ತೆ. 2015ರಲ್ಲಿ ಪ್ರಕಟವಾದ ಬಾಂಗ್ಲಾದೇಶದ ಹಳ್ಳಿಗಳ ಅಧ್ಯಯನವೊಂದರಲ್ಲಿ, ಗರ್ಭದ ಮೊದಲ ತಿಂಗಳುಗಳಲ್ಲಿ ರಕ್ತದಲ್ಲಿ ಈ ವಿಟಮಿನ್ ತೀರಾ ಕಡಿಮೆ ಇದ್ದ ಬಡ ತಾಯಂದಿರಲ್ಲಿ ಗರ್ಭಪಾತ ಹತ್ತಿರ ಹತ್ತಿರ ಎರಡು ಪಟ್ಟು ಕಂಡಿತ್ತು. ಅದು ಇ ಕೊರತೆಯಿಂದಲೇ ಆಯಿತೋ, ಒಟ್ಟಾರೆ ಬಡತನದ ಊಟದಿಂದ ಆಯಿತೋ ಅಂತ ಆ ಒಂದು ಅಧ್ಯಯನದಿಂದ ಹೇಳೋಕಾಗಲ್ಲ. ಆದರೂ ಕೊರತೆ ಇದ್ದ ಕಡೆ ಅದು ಯೋಚಿಸಬೇಕಾದ ವಿಷಯ.

ಗೊಂದಲ ಎಲ್ಲಿದೆ ಅಂದರೆ, "ಇದು ಇಲ್ಲದಿದ್ದರೆ ಕೆಡುತ್ತೆ" ಅನ್ನೋ ಮಾತನ್ನ "ಇದು ಜಾಸ್ತಿ ಇದ್ದರೆ ಒಳ್ಳೇದಾಗುತ್ತೆ" ಅಂತ ನಾವು ಓದಿಕೊಂಡೆವು. ನಮ್ಮ ಕೆಲಸದಲ್ಲಿ ಒಂದು ಲೈಬ್ರರಿ ಇಲ್ಲದಿದ್ದರೆ ಬಿಲ್ಡ್ ಫೇಲ್ ಆಗುತ್ತೆ, ನಿಜ. ಹಾಗಂತ ಅದೇ ಲೈಬ್ರರಿಯನ್ನ ಇಪ್ಪತ್ತು ಸಲ ಇನ್‌ಸ್ಟಾಲ್ ಮಾಡಿದರೆ ಪ್ರೋಗ್ರಾಂ ಇಪ್ಪತ್ತು ಪಟ್ಟು ಚೆನ್ನಾಗಿ ಓಡಲ್ಲ. ಅಷ್ಟಕ್ಕೂ, ಕಳೆದ ಸಲ ಬಿಲ್ಡ್ ಫೇಲ್ ಆಗಿದ್ದು ಅದೇ ಲೈಬ್ರರಿ ಇಲ್ಲದ್ದಕ್ಕೆ ಅಂತ ಯಾರು ಹೇಳಿದರು? ಲಾಗ್ ನೋಡಿದಿರಾ?

ಎಷ್ಟು ಬೇಕು ಅಂದರೆ, ಅಮೆರಿಕದ ಲೆಕ್ಕದ ಪ್ರಕಾರ ದೊಡ್ಡವರಿಗೆ ದಿನಕ್ಕೆ 15 ಮಿಲಿಗ್ರಾಂ. ಗರ್ಭಿಣಿಗೂ ಅಷ್ಟೇ, ಹಾಲುಣಿಸೋ ತಾಯಿಗೆ 19. ನಮ್ಮ ಫ್ರಿಜ್ಜಿನ ಒಂದು ಹಸಿರು ಕ್ಯಾಪ್ಸೂಲು ಅದರ ಹತ್ತು ಪಟ್ಟಿಗೂ ಹೆಚ್ಚು. ಅಡುಗೆಮನೆಯಲ್ಲಿ ಇದು ಇರೋದು ಎಣ್ಣೆಕಾಳುಗಳಲ್ಲಿ. ಸೂರ್ಯಕಾಂತಿ ಎಣ್ಣೆಯಲ್ಲಿ, ಬಾದಾಮಿಯಲ್ಲಿ, ಶೇಂಗಾದಲ್ಲಿ. ನಮ್ಮ ಉತ್ತರ ಕರ್ನಾಟಕದ ಎರೆಹೊಲದಲ್ಲಿ ಹಿಂಗಾರಿಗೆ ಬೆಳೆಯೋ ಕುಸುಬೆಯ ಎಣ್ಣೆಯಲ್ಲಂತೂ ಧಾರಾಳ. ಕೊಬ್ಬು ಕಮಟು ಹಿಡಿದರೆ ಮಾತ್ರ ಅದರಲ್ಲಿರೋ ವಿಟಮಿನ್ ಇ ಕೆಡುತ್ತೆ. ಗಾಣದಿಂದ ತಂದ ಎಣ್ಣೆ ಕಮಟು ವಾಸನೆ ಬಂದರೆ ಅವ್ವ ಅಡುಗೆಗೆ ಮುಟ್ಟಿಸ್ತಾ ಇರಲಿಲ್ಲ, ದನದ ಗಾಯಕ್ಕೋ ಬಂಡಿಯ ಗಾಲಿಗೋ ಹಾಕ್ತಾ ಇದ್ದಳು. ಟೊಕೊಫೆರಾಲ್ ಅನ್ನೋ ಹೆಸರು ಅವಳಿಗೆ ಗೊತ್ತಿರಲಿಲ್ಲ, ಮೂಗು ಇತ್ತು.

ಹೆಂಡತಿಗೆ ಇದನ್ನೆಲ್ಲಾ ಒಂದೇ ಸಲ ಹೇಳಲಿಲ್ಲ. ಒಂದು ರಾತ್ರಿ ಊಟ ಆದ ಮೇಲೆ ಮುಖ್ಯವಾದ ಎರಡು ಮಾತು ಹೇಳಿದೆ. ಒಂದು, ಮೊದಲ ಮೂರು ತಿಂಗಳಲ್ಲಿ ಆಗೋ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟು ಭ್ರೂಣದ ಕ್ರೋಮೋಸೋಮಿನ ಲೆಕ್ಕ ತಪ್ಪಿದ್ದರಿಂದ ಆಗೋದು. ಅದನ್ನ ಸ್ಕೂಟಿ ತಪ್ಪಿಸಲ್ಲ, ಕ್ಯಾಪ್ಸೂಲೂ ಸರಿ ಮಾಡಲ್ಲ. ಎರಡು, ನೀನು ಏನೋ ಮಾಡಿದ್ದರಿಂದ ಅಥವಾ ಏನೋ ತಿನ್ನದೇ ಇದ್ದಿದ್ದರಿಂದ ಆಯ್ತು ಅನ್ನೋದಕ್ಕೆ ಯಾವ ಪುರಾವೆಯೂ ಇಲ್ಲ. ಅವಳು ಸುಮಾರು ಹೊತ್ತು ಸುಮ್ಮನಿದ್ದಳು. ಆಮೇಲೆ, "ಇದನ್ನ ಆ ಮೊದಲನೇ ವಾರವೇ ಯಾರಾದರೂ ಹೇಳಬೇಕಿತ್ತು" ಅಂದಳು. ಆ ವಾರ ನಾನು ಮನೆಯಲ್ಲೇ ಇದ್ದೆ. ನಾನೂ ಹೇಳಿರಲಿಲ್ಲ.

ಈಗ ಮಗಳಿಗೆ ಹದಿನಾಲ್ಕು ತಿಂಗಳು. ಡಾಕ್ಟರು ಬರೆದುಕೊಟ್ಟ ಫೋಲಿಕ್ ಆಸಿಡ್, ಐರನ್, ಕ್ಯಾಲ್ಸಿಯಂ ಬಿಟ್ಟು ಹೆಂಡತಿ ಬೇರೇನೂ ತಗೊಂಡಿರಲಿಲ್ಲ. ಸ್ಕೂಟಿ ಓಡಿಸಿದ್ದಳು, ಲ್ಯಾಪ್‌ಟಾಪ್ ತೊಡೆ ಮೇಲೆ ಇಟ್ಟುಕೊಂಡಿದ್ದಳು. ಮಗು ಅದರಿಂದಲೇ ಹುಟ್ಟಿತು ಅಂತ ನಾನು ಹೇಳೋಕಾಗಲ್ಲ. ನಮ್ಮದು ಒಂದೇ ಮನೆ, ಪಕ್ಕದಲ್ಲಿಟ್ಟು ಹೋಲಿಸೋಕೆ ಇನ್ನೊಂದಿಲ್ಲ.

ತೊಟ್ಟಿಲ ಶಾಸ್ತ್ರಕ್ಕೆ ಬಂದ ದೊಡ್ಡವ್ವ ಮಗುವನ್ನ ತೊಡೆ ಮೇಲೆ ಮಲಗಿಸಿಕೊಂಡು ಎಲ್ಲರ ಮುಂದೆ ಹೇಳಿದರು: "ನಾ ಕೊಟ್ಟ ಗುಳಿಗಿ ಹೆಂಗ ಕೆಲಸಾ ಮಾಡ್ತು ನೋಡ್ರಿ." ಅಲ್ಲಿದ್ದ ಇಬ್ಬರು ಹೆಣ್ಣುಮಕ್ಕಳು ಆಗಲೇ ಅದರ ಹೆಸರು ಕೇಳ್ತಾ ಇದ್ದರು. ಒಂದೂ ಒಡೆಯದ ಆ ಸ್ಟ್ರಿಪ್ ಎಕ್ಸ್‌ಪೈರಿ ಡೇಟ್ ದಾಟಿ ಒಳಗೆ ಫ್ರಿಜ್ಜಿನಲ್ಲೇ ಇತ್ತು. ನಾನು ಎದ್ದು ಹೋಗಿ ಅದನ್ನ ತಂದು, ದೊಡ್ಡವ್ವನ ಕೈಗೆ ಕೊಡದೆ, ಆ ಇಬ್ಬರ ಕೈಗೆ ಕೊಟ್ಟು ತೋರಿಸಿದೆ.